ಮಾವನವರು ಕಳಿಸಿದ ಬದನೆಕಾಯಿ

ಬೆಳಗ್ಗೆ ಹತ್ತೂವರೆ ಹನ್ನೊಂದರ ಸುಮಾರಿಗೆ ಫೋನು ಗುಂಯ್ ಎಂದರೆ ನನಗೆ ನೋಡದೆಯೇ ಗೊತ್ತಾಗುತ್ತಿತ್ತು, ನಮ್ಮ ಮಾವನವರು ಬದನೆಕಾಯಿ ಕಳಿಸಿದ್ದಾರೆ ಎಂದು. ನಿಜವಾದ ಬದನೆಕಾಯಿಯಲ್ಲ, ಫೋನಿನೊಳಗಿನ ಎಮೋಜಿ. ನೇರಳೆ ಮೈ, ಹಸಿರು ತೊಟ್ಟು. ಇವತ್ತು ರೊಟ್ಟಿಯ ಜೊತೆ ಎಣ್ಣೆಗಾಯಿ ಆದರೆ ಚೆನ್ನಾಗಿರುತ್ತದೆ ಎಂದು ಅದರ ಅರ್ಥ. ಕಳಿಸಿದವರು ದೂರದ ಗದಗಿನಲ್ಲೇನೂ ಕೂತಿಲ್ಲ. ಮದರಾಸಿನ ನಮ್ಮ ಕೋಡಂಬಾಕ್ಕಂ ಮನೆಯ ಬಾಲ್ಕನಿಯಲ್ಲೇ ಕೂತಿದ್ದಾರೆ, ನಾನು ಅಡುಗೆಮನೆಯಲ್ಲಿದ್ದೇನೆ, ನಡುವೆ ಒಂದು ಹಾಲ್ ಇದೆ. ಅವರು ಕೆಮ್ಮಿದರೆ ನನಗೆ ಕೇಳುತ್ತದೆ, ನಾನು ಒಗ್ಗರಣೆ ಹಾಕಿದರೆ ಅವರಿಗೆ ಸೀನು ಬರುತ್ತದೆ. ಬದನೆಕಾಯಿ ಮಾತ್ರ ಆಕಾಶದವರೆಗೆ ಹೋಗಿ, ಅಲ್ಲೊಂದು ಸುತ್ತು ಹಾಕಿಕೊಂಡು ನನ್ನ ಹತ್ತಿರ ಬರಬೇಕು.

ಈ ಬದನೆಕಾಯಿಯನ್ನು ಒಂದು ಸಲ ನನ್ನ ಮಗಳು ಪಲ್ಲವಿ ನೋಡಿಬಿಟ್ಟಳು. ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಇದೇ ಊರಿನಲ್ಲಾದ್ದರಿಂದ ಅವಳಿಗೆ ಕನ್ನಡ ಕಿವಿಗೆ ಮಾತ್ರ, ಬಾಯಿಗೆ ತಮಿಳು. ಅಜ್ಜನನ್ನೂ 'ತಾತಾ' ಎಂದೇ ಕರೆಯುವವಳು. ನನ್ನ ಫೋನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ಅಮ್ಮಾ! ತಾತಾವಾ ಅನುಪ್ಪಿನಾರು? ಇದೆಲ್ಲಾಂ ಅನುಪ್ಪಕೂಡಾದು. ಬ್ಯಾಡ್ ಮೀನಿಂಗ್," ಅಂದಳು, ತಾತನೇ ಕಳಿಸಿದ್ದಾ, ಇದನ್ನೆಲ್ಲ ಕಳಿಸಬಾರದು ಎಂದು.

"ಬದನೀಕಾಯಿಗೆ ಎಂಥಾ ಬ್ಯಾಡ್ ಮೀನಿಂಗ? ಭಾಳ ತಿಂದ್ರ ವಾಯು ಆಗ್ತೈತಿ, ಅಷ್ಟ," ಅಂದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳೇ ಹೊರತು ಅರ್ಥ ಹೇಳಲಿಲ್ಲ. ನಾನೂ ಕೇಳಲಿಲ್ಲ. ಐವತ್ತೈದು ದಾಟಿದ ಮೇಲೆ ಕೆಲವನ್ನು ತಿಳಿದುಕೊಳ್ಳದೆ ಇರುವುದೇ ಸುಖ. ಯಾವ ದೇಶದವರು ಬದನೆಕಾಯಿಯನ್ನು ಏನು ಬೇಕಾದರೂ ಅಂದುಕೊಳ್ಳಲಿ, ನಮ್ಮಲ್ಲಿ ಅದನ್ನು ಹೆಚ್ಚಿ, ಗುರೆಳ್ಳು ಪುಡಿ ತುಂಬಿ, ಎಣ್ಣೆಯಲ್ಲಿ ಬೇಯಿಸುತ್ತಾರೆ.

ಒಂದೇ ಮನೆಯಲ್ಲಿದ್ದು ಬಾಯಿಬಿಟ್ಟು ಕೇಳಬಾರದೇ ಎಂದು ನಿಮಗೆ ಅನ್ನಿಸಿರಬಹುದು. ಅದೇ ಕಥೆ ನೋಡಿ. ನಾನು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಯಿತು. ಅಷ್ಟೂ ವರ್ಷ ನಾನೂ ಮಾವನವರೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತು ಆಡಿದವರಲ್ಲ. ಜಗಳವಿಲ್ಲ, ಮುನಿಸಿಲ್ಲ. ನಮ್ಮ ಮನೆತನದ ಪದ್ಧತಿಯೇ ಹಾಗೆ. ಸೊಸೆಯಾದವಳು ಮಾವನ ಎದುರು ಬಾಯಿ ತೆರೆಯಬಾರದು, ಮಾವನಾದವನು ಸೊಸೆಯನ್ನು ಹೆಸರು ಹಿಡಿದು ಕರೆಯಬಾರದು. ಊರಿನಲ್ಲಿ ಇದೆಲ್ಲ ಎಂದೋ ಸಡಿಲವಾಯಿತು. ಗದಗಿನಲ್ಲಿರುವ ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ಮಾವನವರು ಊರಿಗೆ ಹೋದಾಗ ಅವರ ಪಕ್ಕದಲ್ಲೇ ಕೂತು ಟೀವಿ ನೋಡುತ್ತಾಳೆ. ಊರು ಬಿಟ್ಟು ಬಂದ ನಾವು ಮಾತ್ರ ಹಳೆಯದನ್ನೆಲ್ಲ ಉಪ್ಪಿನಕಾಯಿಯ ಹಾಗೆ ಜಾಡಿಯಲ್ಲಿ ಹಾಕಿ, ಮದರಾಸಿನ ಸೆಕೆಯಲ್ಲೂ ಕೆಡದಂತೆ ನೋಡಿಕೊಂಡೆವು.

ಹಾಗಾದರೆ ಮೂವತ್ತು ವರ್ಷ ಸಂಸಾರ ನಡೆದದ್ದು ಹೇಗೆ? ಮೊದಲು ನಡುವೆ ನಮ್ಮ ಅತ್ತೆ ಇದ್ದರು. ಮಾವನವರು ಟಿ. ನಗರದ ಸೀರೆ ಅಂಗಡಿಯಿಂದ ಬಂದು, ನಾನು ಬಾಗಿಲ ಮರೆಯಲ್ಲಿ ನಿಂತಿರುವುದು ಕಾಣುತ್ತಿದ್ದರೂ, "ಚಾ ಮಾಡಾಕ ಹೇಳು," ಎಂದು ಅತ್ತೆಗೆ ಹೇಳುತ್ತಿದ್ದರು. ಅತ್ತೆ ನನ್ನತ್ತ ತಿರುಗಿ, "ಚಾ ಮಾಡಬೇಕಂತ," ಅನ್ನುತ್ತಿದ್ದರು. ನಾನು ಅತ್ತೆಗೆ, "ಸಕ್ಕರಿ ಎಷ್ಟಂತ ಕೇಳ್ರಿ," ಅನ್ನುತ್ತಿದ್ದೆ. ಆಮೇಲೆ ಪಲ್ಲವಿಗೆ ಮಾತು ಬಂತು, ಆ ಕೆಲಸ ಅವಳಿಗೆ ವರ್ಗವಾಯಿತು. ಅವಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಕನ್ನಡದಲ್ಲಿ ಕೊಟ್ಟ ಮಾತನ್ನು ತಮಿಳಿನಲ್ಲಿ ಅಜ್ಜನಿಗೆ ಮುಟ್ಟಿಸಿ, ಅಜ್ಜನ ಕನ್ನಡವನ್ನು ಮತ್ತೆ ತಮಿಳು ಮಾಡಿ ನನಗೆ ತಂದು ಕೊಡುತ್ತಿದ್ದಳು. "ತಾತಾವುಕ್ಕು ವೇಣಾಮಾಂ," ಅನ್ನುತ್ತಿದ್ದಳು, ತಾತನಿಗೆ ಬೇಡವಂತೆ. ಬೇಡವೆಂದು ತಾತ ಹೇಳಿದ್ದು ನನಗೆ ಆಗಲೇ ಕೇಳಿಸಿರುತ್ತಿತ್ತು. ಸ್ವಲ್ಪ ದೊಡ್ಡವಳಾದ ಮೇಲೆ, "ನೀವೇ ಕೇಳಿಕೊಳ್ಳಿ, ನನಗೆ ಹೋಂವರ್ಕ್ ಇದೆ," ಎಂದು ತಮಿಳಿನಲ್ಲೇ ಹೇಳಿ ಕೈ ಝಾಡಿಸಿದಳು.

ಅತ್ತೆ ಲಿಂಗೈಕ್ಯರಾದ ಮೇಲೆ ಮನೆಯಲ್ಲಿ ಹಗಲು ಉಳಿದವರು ನಾನು ಮತ್ತು ಮಾವನವರು ಇಬ್ಬರೇ. ನಮ್ಮವರು ಬೆಳಗ್ಗೆ ಅಂಗಡಿಗೆ ಹೋದರೆ ಬರುವುದು ರಾತ್ರಿಗೇ. ಆಗ ನಾವು ವಸ್ತುಗಳ ಜೊತೆ ಮಾತಾಡಲು ಶುರು ಮಾಡಿದೆವು. ನಾನು ಫ್ಯಾನಿನ ಕಡೆ ನೋಡಿ, "ಊಟ ತಯಾರಾಗೈತಿ," ಅನ್ನುವುದು, ಅವರು ಕ್ಯಾಲೆಂಡರಿನ ಕಡೆ ನೋಡಿ, "ಇನ್ನೊಂದು ಹತ್ತು ಮಿನಿಟ ಬಿಟ್ಟು," ಅನ್ನುವುದು. ಒಂದು ದಿನ ಕೆಳಗಿನ ಮನೆಯಾಕೆ ಮೊಸರು ಕೇಳಲು ಬಂದವಳು, ನಾನು ಫ್ಯಾನಿಗೆ ಹೇಳುತ್ತಿರುವುದನ್ನು ಕಂಡು ಮೊಸರು ಕೇಳದೆಯೇ ಹೋದಳು.

ಇಂಥ ಹೊತ್ತಿನಲ್ಲಿ ಫೋನು ಬಂತು. ಅಪ್ಪನಿಗೆ ಬೇಸರ ಕಳೆಯಲಿ ಎಂದು ನಮ್ಮವರು ದೊಡ್ಡ ಪರದೆಯ ಫೋನೊಂದನ್ನು ತಂದುಕೊಟ್ಟು, ಮನೆಯವರ ಗ್ರೂಪಿಗೆ ಸೇರಿಸಿದರು. ಒಂದು ಮಧ್ಯಾಹ್ನ ಚಹಾ ಮಾಡಿ, ಫ್ಯಾನಿಗೆ ಹೇಳಲೂ ಆಯಾಸವಾಗಿ, ಫೋನು ತೆಗೆದು ಹೊಗೆಯಾಡುವ ಕಪ್ಪಿನ ಚಿತ್ರವೊಂದನ್ನು ಅವರಿಗೆ ಕಳಿಸಿದೆ. ಬಾಲ್ಕನಿಯಲ್ಲಿ ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಹೆಬ್ಬೆರಳು ಬಂತು. ಹಿಂದೆಯೇ ಮಾವನವರೂ ಬಂದು ಕಪ್ಪು ತೆಗೆದುಕೊಂಡು ಹೋದರು. ಫೋನಿನಲ್ಲಿ ಕಳಿಸಿದ್ದು ಮಾತಲ್ಲವಲ್ಲ, ಪದ್ಧತಿಗೆ ಧಕ್ಕೆಯಿಲ್ಲ. ನಮ್ಮಿಬ್ಬರಿಗೂ ಒಳಗೊಳಗೇ ಸಮಾಧಾನವಾಯಿತು ಅಂತ ಕಾಣುತ್ತದೆ.

ಅಲ್ಲಿಂದ ನಮ್ಮದೇ ಒಂದು ಭಾಷೆ ಬೆಳೆಯಿತು. ತಟ್ಟೆಯ ಚಿತ್ರ ಬಂದರೆ ಊಟ. ಮೋಡದ ಚಿತ್ರ ಬಂದರೆ, ಮಳೆ ಬರುವ ಹಾಗಿದೆ, ತಾರಸಿಯ ಮೇಲೆ ಒಣಹಾಕಿದ ಹಪ್ಪಳ ತೆಗೆ. ಲಾರಿ ಬಂದರೆ, ಬೀದಿಗೆ ನೀರಿನ ಲಾರಿ ಬಂದಿದೆ, ವಾಚ್‌ಮನ್ ಇಲ್ಲ, ಕೆಳಗೆ ಹೋಗಿ ನೋಡು. ಲಾರಿಯ ಚಿತ್ರ ನೋಡಿ ಬೇರೆ ಊರಿನ ಯಾವ ಹೆಂಗಸಾದರೂ ಕೊಡ ಹುಡುಕುತ್ತಾಳೆಯೇ ನೀವೇ ಹೇಳಿ. ರೊಟ್ಟಿ ಮೆತ್ತಗಾಗಿದ್ದ ದಿನ ಮಾತ್ರ ಜೋಡಿಸಿದ ಕೈ ಬರುತ್ತಿತ್ತು. ಅತ್ತೆಯ ಕಾಲದಲ್ಲಿ 'ಛಲೋ ಆಗೈತಿ' ಎಂಬ ಮಾತು ಹಾದಿಯಲ್ಲೇ ಸೋರಿಹೋಗಿ ನನ್ನವರೆಗೆ ಬರುತ್ತಿರಲಿಲ್ಲ. ಆ ಕೈ ನೋಡಿದ ದಿನ ನಾನು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದೆ ಎಂದರೆ ನಗಬೇಡಿ.

ಗ್ರೂಪಿನ ಕಾಟ ಬೇರೆ. ಗದಗಿನ ಕಡೆಯವರು ಬೆಳಗಾಗುವ ಮುಂಚೆ ಗುಲಾಬಿ, ದೀಪ, ಉದಯಿಸುವ ಸೂರ್ಯ, ಕೆಳಗೊಂದು ಶುಭೋದಯ ಕಳಿಸುತ್ತಾರೆ. ಎದುರಿಗೆ ಬಂದವರು ಶರಣು ಎಂದರೆ ನಾವೂ ಶರಣು ಅನ್ನಬೇಕು, ಇಲ್ಲದಿದ್ದರೆ ಸೊಕ್ಕು ಅನ್ನುತ್ತಾರಲ್ಲ, ಆ ಲೆಕ್ಕ ಫೋನಿಗೂ ಬಂದಿದೆ. ಒಬ್ಬೊಬ್ಬರ ಗುಲಾಬಿಗೂ ಬೇರೆ ಬೇರೆ ಕೈ ಜೋಡಿಸಬೇಕು. ಯಾರು ಜೋಡಿಸಲಿಲ್ಲ ಎಂದು ನನ್ನ ನೆಗೆಣ್ಣಿ ನೋಡುತ್ತಲೇ ಇರುತ್ತಾಳೆ. ಇತ್ತ ಪಲ್ಲವಿಯ ಆಫೀಸಿನ ಹುಡುಗರಲ್ಲಿ ಹೆಬ್ಬೆರಳು ಕಳಿಸಿದರೆ ಕೋಪ ಬಂದಿದೆ ಎಂದು ಅರ್ಥವಂತೆ. ಅವರದೆಲ್ಲ ಮೀಮು. ಈ ಊರಿನಲ್ಲಿ ಹುಟ್ಟಿನಿಂದ ಹಿಡಿದು ಕರೆಂಟು ಹೋಗುವವರೆಗೆ ಯಾವುದೇ ಸಂಗತಿಗೂ ತಮಿಳು ಸಿನಿಮಾದ ಹಾಸ್ಯನಟರ ಒಂದು ಮುಖ ಸಿದ್ಧವಾಗಿರುತ್ತದೆ. ಮಾತೇ ಬೇಡ, ಮುಖ ಕಳಿಸಿದರೆ ಸಾಕು, ಆ ದೃಶ್ಯ, ಆ ಡೈಲಾಗು, ಏಟು ತಿಂದದ್ದು, ಎಲ್ಲ ನೆನಪಾಗಿ ಎಲ್ಲರೂ ನಗುತ್ತಾರೆ. ಅಂಥದೊಂದನ್ನು ನಾನು ಗದಗಿನವರಿಗೆ ಕಳಿಸಿದ್ದೆ. 'ಇವರು ಯಾರ್ರೀ, ನಿಮ್ಮ ಬೀಗರೇನು?' ಎಂದು ಕೇಳಿದರು. ಅತ್ತ ಗದಗು, ಇತ್ತ ಮಗಳು, ಇಬ್ಬರ ನಡುವೆ ನಿಂತು ನಿಂತು ನನಗಂತೂ ಸಾಕಾಗಿದೆ.

ತಾತನಿಗೂ ಮಜಾ ಇರಲಿ ಎಂದು ಪಲ್ಲವಿ ಒಂದು ದಿನ ಅವರ ಫೋನಿಗೆ ಈ ಹಾಸ್ಯನಟರ ಸ್ಟಿಕರ್‌ಗಳನ್ನು ತುಂಬಿಸಿದಳು. ತೊಂದರೆ ಶುರುವಾದದ್ದು ಅಲ್ಲಿಂದ.

ಮರುದಿನ ಊಟದ ತಟ್ಟೆ ಕಳಿಸಿದರೆ, ಹೆಬ್ಬೆರಳಿನ ಬದಲು ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಹಲ್ಲು ಕಿಸಿದು ನಗುವ ಒಬ್ಬ ಹಾಸ್ಯನಟ ಬಂದ. ಚಹಾಕ್ಕೂ ಅವನೇ. ಪಲ್ಲವಿಗೆ ಖುಷಿಯೋ ಖುಷಿ. "ತಾತಾ ಸೆಮ ಮಾಸ್!", ಅಂದರೆ ತಾತ ಭರ್ಜರಿ, ಎಂದು ತನ್ನ ಗೆಳತಿಯರಿಗೆಲ್ಲ ತೋರಿಸಿದಳು. ನನಗೆ ನಗು ಬರಲಿಲ್ಲ. ಜೋಡಿಸಿದ ಕೈ ನಿಂತುಹೋಗಿತ್ತು. ಬದನೆಕಾಯಿಯೂ ಇಲ್ಲ. ಎಷ್ಟು ಮೆತ್ತಗೆ ರೊಟ್ಟಿ ಬಡಿದರೂ ಬ್ಯಾಂಡೇಜು. ಸಾಲದ್ದಕ್ಕೆ, ನಾನು ಏನೂ ಕಳಿಸದೆ ಇದ್ದಾಗಲೂ, ಮಟಮಟ ಮಧ್ಯಾಹ್ನ, ಸಂಜೆ, ಹೊತ್ತುಗೊತ್ತಿಲ್ಲದೆ ಬ್ಯಾಂಡೇಜಿನವನು ಬಂದು ಹಲ್ಲು ಕಿಸಿಯುತ್ತಿದ್ದ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಒಲೆಯ ಮುಂದೆ ಬೆವರು ಸುರಿಸುತ್ತ ನಿಂತವಳಿಗೆ ಇದು ಚೇಷ್ಟೆ ಅನ್ನಿಸಿದರೆ ತಪ್ಪೇ? ಮೂವತ್ತು ವರ್ಷ ಬಾಯಿಬಿಟ್ಟು ಒಂದು ಮಾತು ಅಂದವರಲ್ಲ, ಈಗ ವಯಸ್ಸಾದ ಮೇಲೆ ನನ್ನ ಸಾರಿಗೆ ತಲೆ ಒಡೆದುಕೊಂಡವನನ್ನು ಕಳಿಸುತ್ತಾರಲ್ಲ ಎಂದು ಒಂದೆರಡು ದಿನ ಅಡುಗೆಮನೆಯಲ್ಲಿ ಕಣ್ಣೀರನ್ನೂ ಹಾಕಿದೆ.

ಅಷ್ಟರಲ್ಲಿ ಗದಗಿನಲ್ಲಿ ಮಾವನವರ ಚಿಕ್ಕಪ್ಪನ ಮಗ ತೀರಿಕೊಂಡರು. ಗ್ರೂಪಿನಲ್ಲಿ ಅವರ ಫೋಟೋ ಬಂತು, ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ. ಒಬ್ಬರಾದ ಮೇಲೆ ಒಬ್ಬರು ಕೈ ಜೋಡಿಸುತ್ತಿದ್ದರು. ಆ ಕೈಗಳ ಸಾಲಿನ ನಡುವೆ, ನಮ್ಮ ಮಾವನವರ ಹೆಸರಿನಲ್ಲಿ, ಬ್ಯಾಂಡೇಜಿನವನು ಹಲ್ಲು ಕಿಸಿದು ನಕ್ಕ.

ನೆಗೆಣ್ಣಿಯ ಫೋನು ಬರಲು ತಡವಾಗಲಿಲ್ಲ. "ಅಕ್ಕಾ, ಮಾವಾರಿಗೆ ತಲಿ ಕೆಟ್ಟೈತೇನು? ಸತ್ತ ಮನಿ ಮುಂದ ಹಲ್ಲು ತೆಗೆಯೋದಂದ್ರೇನು? ಇಲ್ಲಿ ನಾವು ಮಂದಿಗೆ ಮುಖ ತೋರ್ಸಂಗಿಲ್ಲ." ನಮ್ಮವರು ಅಂಗಡಿಯಿಂದ ಬಂದವರೇ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಅಣ್ಣ ತಮ್ಮ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ತೀರ್ಮಾನಕ್ಕೆ ಬಂದರು. ಅಪ್ಪನಿಗೆ ಅರಳುಮರುಳು. ಭಾನುವಾರ ಫೋನು ವಾಪಸ್ ತೆಗೆದುಕೊಳ್ಳುವುದು. ಆಮೇಲೆ ತಲೆಯ ಡಾಕ್ಟರಿಗೆ ತೋರಿಸುವುದು. ಬಾಲ್ಕನಿಯ ಬಾಗಿಲು ತೆರೆದೇ ಇತ್ತು. ಅರಳುಮರುಳು ಎಂದ ಮೇಲೆ ಕೇಳಿಸಿದರೇನು, ಬಿಟ್ಟರೇನು ಎಂದುಕೊಂಡಿದ್ದರೋ ಏನೋ, ದನಿ ತಗ್ಗಿಸಲಿಲ್ಲ.

ಮರುದಿನ ನನ್ನ ತಲೆಯೂ ಕೆಟ್ಟಿತ್ತು. ಬೆಳಗ್ಗಿನಿಂದ ಗದಗಿನ ಒಬ್ಬೊಬ್ಬರಿಗೂ ಫೋನಿನಲ್ಲಿ ಸಮಜಾಯಿಷಿ ಹೇಳಿ ಹೇಳಿ ಗಂಟಲು ಒಣಗಿತ್ತು. ಊಟದ ಹೊತ್ತಾಯಿತು. ಆ ಸಿಟ್ಟಿನಲ್ಲಿ, ತಟ್ಟೆಯ ಬದಲು ಚೇಳಿನ ಚಿತ್ರ ಕಳಿಸಿದೆ. ಫೋನಿನಲ್ಲಿ ಚೇಳೂ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಬಾಲ್ಕನಿಯಲ್ಲಿ ಗುಂಯ್ ಎಂದಿತು, ಬ್ಯಾಂಡೇಜಿನವನು ಬಂದ, ಹಿಂದೆಯೇ ಮಾವನವರು ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತರು. ಮುಖದಲ್ಲಿ ಸಿಟ್ಟಿಲ್ಲ, ಆಶ್ಚರ್ಯವಿಲ್ಲ.

ಸಂಜೆ ಚಹಾದ ಹೊತ್ತಿಗೆ ಮೊಸಳೆ ಕಳಿಸಿದೆ. ಮೊಸಳೆಗೂ ಎದ್ದು ಬಂದರು. ಈ ಸಲ ನಾನು ಬಾಗಿಲ ಮರೆಯಲ್ಲಿ ನಿಂತು ಅವರನ್ನು ಸರಿಯಾಗಿ ನೋಡಿದೆ. ಮಾವನವರ ಮುಖ ನೋಡಿ ಅಭ್ಯಾಸವಿಲ್ಲ ನನಗೆ, ತಗ್ಗಿಸಿದ ತಲೆಗೆ ಕಂಡದ್ದು ಯಾವಾಗಲೂ ಅವರ ಪಾದ, ಪಂಚೆಯ ಅಂಚು. ಹಣೆಯ ವಿಭೂತಿಯ ಒಂದು ಗೆರೆ ಹುಬ್ಬಿನ ಮೇಲೆ ಹರಿದಿತ್ತು. ಗೋಡೆಗೆ ಬೆರಳು ಸವರುತ್ತ ನಡೆಯುತ್ತಿದ್ದರು. ಕಪ್ಪಿಗೆ ಕೈ ಹಾಕಿದರೆ ಕೈ ಕಪ್ಪಿನ ಪಕ್ಕಕ್ಕೆ ಹೋಯಿತು, ಟೇಬಲ್ ತಡವಿ ಹಿಡಿ ಹುಡುಕಿಕೊಂಡರು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಗ್ರೂಪಿನ ಯಾವುದಕ್ಕೋ ಗುಂಯ್ ಅಂದಿತು, ಅವರು ಪರದೆ ನೋಡಲೇ ಇಲ್ಲ, ಮೊದಲು ಹೆಬ್ಬೆರಳಿನ ಚಿತ್ರವಿದ್ದ ಜಾಗಕ್ಕೆ ಬೆರಳು ತಾನಾಗಿ ಹೋಗಿ ಒತ್ತಿತು. ಪಲ್ಲವಿ ಸ್ಟಿಕರ್ ತುಂಬಿಸಿದ ಮೇಲೆ ಆ ಜಾಗಕ್ಕೆ ಬಂದು ಕೂತವನು ಬ್ಯಾಂಡೇಜಿನವನು. ಗದಗಿನ ಸಾವಿನ ಫೋಟೋವನ್ನು ಅವರು ನೋಡಿಯೇ ಇರಲಿಲ್ಲ. ಯಾರೋ ಶರಣು ಅಂದಿದ್ದಾರೆ, ತಿರುಗಿ ಅನ್ನದಿದ್ದರೆ ಸರಿಯಲ್ಲ ಎಂದು ಒತ್ತಿದ್ದರು, ಅಷ್ಟೆ. ಕೆಟ್ಟದ್ದು ತಲೆಯಲ್ಲ, ಕಣ್ಣು.

ನಮ್ಮವರು ಬಂದ ಮೇಲೆ ಹೇಳಿದೆ. ಮರುದಿನ ಬೆಳಗ್ಗೆ ಹೊರಡುವ ಹೊತ್ತಿಗೆ, ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅಪ್ಪಾ, ಕಣ್ಣಿಗೇನರೆ ತ್ರಾಸೈತೇನು?" ಎಂದು ಕೇಳಿದರು. "ನನಗೇನಾಗೈತಿ? ಗಟ್ಟಿ ಅದೀನಿ," ಎಂದು ಉತ್ತರ ಬಂತು. "ಕೇಳಿದಿಲ್ಲೋ? ಕಣ್ಣು ಛಲೋ ಅದಾವಂತ. ಭಾನುವಾರ ಫೋನು ತಗೊಂಡು ಇಡೂನು," ಎಂದು ನನಗೆ ಹೇಳಿ ಮೆಟ್ಟಿಲಿಳಿದರು.

ಸಿಟ್ಟು ಬಂತು ನೋಡಿ. ಗಂಡನ ಮೇಲೆ, ಮಾವನವರ ಮೇಲೆ, ಫ್ಯಾನು, ಕ್ಯಾಲೆಂಡರು, ಹೆಬ್ಬೆರಳು ಎಲ್ಲದರ ಮೇಲೆ. ನಡುವೆ ಒಬ್ಬರನ್ನಿಟ್ಟುಕೊಂಡು ಆಡುವ ಮಾತಿನಲ್ಲಿ ಚಹಾ ಬೇಕು, ಬೇಡ ಅನ್ನುವಷ್ಟು ಮಾತ್ರ ದಾಟುತ್ತದೆ. ಭಾನುವಾರ ಫೋನೂ ಹೋದರೆ, ಈ ಮನುಷ್ಯ ಹುಚ್ಚನೆಂಬ ಹೆಸರು ಹೊತ್ತು, ಕಣ್ಣು ಕಾಣದೆ, ನನ್ನ ಕಣ್ಣೆದುರೇ ಗೋಡೆ ತಡವಿಕೊಂಡು ಉಳಿದ ಕಾಲ ಕಳೆಯಬೇಕು. ನಾನು ನೋಡಿಕೊಂಡು ಸುಮ್ಮನಿರಬೇಕು. ಆಗುವುದಿಲ್ಲ ಅನ್ನಿಸಿತು. ಒಲೆ ಆರಿಸಿ, ಕೈ ಒರೆಸಿಕೊಂಡು, ಬಾಲ್ಕನಿಯ ಬಾಗಿಲಿಗೆ ಹೋಗಿ ನಿಂತೆ.

"ಮಾವಾರ," ಅಂದೆ.

ಅವರು ತಿರುಗಲಿಲ್ಲ. ನಾನು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

"ಮಾವಾರ, ನಿಮ್ಮನ್ನ ಕರ್ಯಾಕತ್ತೀನ್ರಿ."

ಗಾಬರಿಯಾಗಿ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಕುರ್ಚಿಯಿಂದ ಅರ್ಧ ಎದ್ದರು.

"ನಿಮಗ ಕಣ್ಣು ಕಾಣವಲ್ವು. ಹೌದಲ್ರೀ?"

ಕೆಳಗಿನ ಮನೆಯ ಕುಕ್ಕರ್ ಕೂಗಿತು. ಅವರು ಮತ್ತೆ ಕುರ್ಚಿಯಲ್ಲಿ ಕೂತರು.

"ಹೆಂಗ ಗೊತ್ತಾತು?" ಎಂದು ಬಾಲ್ಕನಿಯ ಕಂಬಿಯನ್ನು ಕೇಳಿದರು.

"ನಿನ್ನೆ ಊಟಕ್ಕ ಕರ್ಯಾಕ ಚೇಳು ಕಳಿಸಿದ್ದೆ. ನೀವು ಬಂದು ಉಂಡ್ರಿ."

"ಚೇಳು?" ತುಟಿ ಅದುರಿತು. ಅಳುತ್ತಾರೇನೋ ಅಂದುಕೊಂಡೆ, ನಗುತ್ತಿದ್ದರು. "ಸಾರು ಛಲೋ ಆಗಿತ್ತು."

ನನಗೂ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. "ಎಲ್ಲಾರೂ ಏನೇನರೆ ಮಾತಾಡಾಕತ್ತಾರ್ರಿ. ನಿಮಗ ತಲಿ ಕೆಟ್ಟೈತಿ ಅಂತಾರ."

"ಕೇಳೇನಿ. ಕಿವಿ ಗಟ್ಟಿ ಅದಾವ."

"ಮತ್ತ ಮಗ ಕೇಳಿದಾಗ ಯಾಕ ಹೇಳ್ಲಿಲ್ರಿ? ಇಷ್ಟ ದಿನ ಒಬ್ರ ಯಾಕ ಅನುಭವಿಸಿದ್ರಿ?" ದನಿ ಜೋರಾಯಿತು. ಬೈದ ಹಾಗೇ ಇತ್ತು.

"ಅಂವ ಚಪ್ಪಲಿ ಹಾಕ್ಕೊಂತ ಕೇಳ್ತಾನ. ಅಂವಗೇನು ಹೇಳೋದು?" ಅಂದರು. ಆಮೇಲೆ ಕಂಬಿಯನ್ನು ಬಿಟ್ಟು, ನಾನು ನಿಂತಿರಬಹುದಾದ ಕಡೆಗೆ, ನಿಂತ ಜಾಗಕ್ಕಿಂತ ಸ್ವಲ್ಪ ಆಚೆಗೆ, ಮುಖ ತಿರುಗಿಸಿದರು.

"ನಿನಗ ಹೇಳಬೇಕಂತ ಇತ್ತವಾ. ಮನ್ಯಾಗ ಇರಾಕಿ ನೀನೊಬ್ಬಾಕಿ. ಆ ಫೋನ್‌ನ್ಯಾಗ ಕಣ್ಣಿನ ಚಿತ್ರಾನೂ ಒಂದೈತಿ, ಹಿಂದ ನೋಡಿದ್ದೆ. ಅದನ್ನ ನಿನಗ ಕಳಸೂನಂತ ಹೊತ್ತಿಲ್ಲ ಗೊತ್ತಿಲ್ಲ, ದಿನಾ ಕುಂತು ಹುಡುಕಿದೆ, ಒತ್ತಿದೆ. ಸಿಗಲಿಲ್ಲ."